ಬ್ರಿಟಿಷ್ ಗಿಟಾರಿನ ನಾದ: ಅನುಕರಣೆಯ ಒಂದು ಚರಿತ್ರೆ

ವಾದ್ಯದ ನಾದ ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆಗೆ ವೀಣೆಯ ವಿಷಯದಲ್ಲಿ ಉತ್ತರ ಹೇಳುವುದು ಕಷ್ಟವಲ್ಲ. ತಂತಿ ಮಿಡಿಯುತ್ತದೆ, ಕುದುರೆ ಆ ಕಂಪನವನ್ನು ಕೊಡಕ್ಕೆ ಮುಟ್ಟಿಸುತ್ತದೆ, ಹಲಸಿನ ಮರದ ಕೊಡ ಅದಕ್ಕೆ ಮೈ ಕೊಡುತ್ತದೆ. ವಿದ್ಯುತ್ ಗಿಟಾರಿನ ವಿಷಯದಲ್ಲಿ ಈ ಉತ್ತರ ಸಲ್ಲದು. ಅದರ ಒಡಲು ಬಹುಮಟ್ಟಿಗೆ ಗಟ್ಟಿ ಹಲಗೆ. ವಿದ್ಯುತ್ತಿನ ಸಂಪರ್ಕವಿಲ್ಲದೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ಅದರ ನಿಜವಾದ ಕೊಡ ಆಂಪ್ಲಿಫೈಯರ್ ಎಂಬ ಪೆಟ್ಟಿಗೆ. ಆದುದರಿಂದ ಗಿಟಾರಿನ ನಾದದ ಚರಿತ್ರೆಯೆಂದರೆ ಅರ್ಧಕ್ಕೂ ಮಿಗಿಲಾಗಿ ಆ ಪೆಟ್ಟಿಗೆಯ ಚರಿತ್ರೆಯೇ ಆಗಿದೆ.

1960ರಿಂದ ಸುಮಾರು 1975ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಇಂಥ ಪೆಟ್ಟಿಗೆಗಳಿಂದ ಒಂದು ವಿಶಿಷ್ಟ ನಾದ ಹೊರಹೊಮ್ಮಿತು. ದಪ್ಪವಾದ, ಸ್ವಲ್ಪ ಕರಕಾದ, ಮೀಟಿದ ಸ್ವರ ಬೇಗನೆ ಅಳಿಯದೆ ಕೊಳಲಿನ ಉಸಿರಿನಂತೆ ನಿಲ್ಲುವ ನಾದ ಅದು. ರಾಕ್ ಸಂಗೀತವನ್ನು ಒಲ್ಲದವರೂ ಅದನ್ನು ಕೇಳಿದೊಡನೆ ಗುರುತಿಸಬಲ್ಲರು. ಅರ್ಧ ಶತಮಾನ ಕಳೆದ ಮೇಲೂ ಜಗತ್ತಿನ ನಾನಾ ಕಡೆಯ ವಾದಕರು ಅದನ್ನೇ ಮರಳಿ ಪಡೆಯಲು ಹೆಣಗುತ್ತಿದ್ದಾರೆ. ಅದಕ್ಕಾಗಿ ಪಟ್ಟಿಗಳು ಹುಟ್ಟಿಕೊಂಡಿವೆ: ಇಂಥ ವಾದಕನ ನಾದ ಬೇಕಾದರೆ ಬಾಸ್ ಗುಂಡಿ 3ಕ್ಕೆ, ಮಿಡ್ಲ್ 7ಕ್ಕೆ, ಟ್ರೆಬಲ್ 6ಕ್ಕೆ ಎಂಬ ಬಗೆಯ ಅಂಕಿಗಳು. ನನ್ನ ಸೋದರಳಿಯನೊಬ್ಬ ಒಮ್ಮೆ ಇಂಥ ಪಟ್ಟಿಯೊಂದನ್ನು ನನ್ನ ಮುಂದಿಟ್ಟು, "ಮಾವ, ಇದರಲ್ಲಿ ಇರೋ ಹಾಗೇ ಇಟ್ಟರೂ ಆ ಸೌಂಡ್ ಬರೋದಿಲ್ಲ, ಯಾಕೆ?" ಎಂದು ಕೇಳಿದ.

ನಾನು ಸಂಗೀತಗಾರನಲ್ಲ, ಎಂಜಿನಿಯರನೂ ಅಲ್ಲ. ಹಳಗನ್ನಡ ಪಾಠ ಹೇಳುತ್ತ, ಓಲೆಗರಿಗಳ ಪಾಠಾಂತರಗಳನ್ನು ತಾಳೆ ನೋಡುತ್ತ ಕಾಲ ಕಳೆದವನು. ಆದರೆ ಆ ಪ್ರಶ್ನೆ ನನಗೆ ತೀರ ಪರಿಚಿತವೆನಿಸಿತು. ಮೂಲದ ಅಕ್ಷರಗಳನ್ನೆಲ್ಲ ಪ್ರತಿ ಮಾಡಿಯೂ ಪದ್ಯದ ನಡೆ ಕೈಗೆ ಹತ್ತದೆ ಹೋಗುವುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರೆಲ್ಲ ಕಂಡಿದ್ದಾರೆ. ಅಂಕಿ ನಿಜ, ನಾದ ಬೇರೆ. ಹಾಗಾದರೆ ನಡುವೆ ಕಳೆದುಹೋದದ್ದು ಯಾವುದು? ಇದನ್ನು ಹುಡುಕುತ್ತ ಹೋದಾಗ ನನಗೆ ದೊರೆತ ಚರಿತ್ರೆ ಸ್ವಾರಸ್ಯವಾದದ್ದು. ಅದನ್ನೇ ಕೇಳುಗರ ಮುಂದೆ ಇರಿಸುತ್ತಿದ್ದೇನೆ.

ಮೊದಲು ಆ ಪೆಟ್ಟಿಗೆಯ ಒಳಗನ್ನು ಸ್ಥೂಲವಾಗಿ ನೋಡೋಣ. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದನ್ನು ಸುತ್ತಿದ ನವಿರಾದ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರಿನ ಮೊದಲ ವಾಲ್ವುಗಳು ಅದನ್ನು ಹಿಗ್ಗಿಸುತ್ತವೆ. ಬಾಸ್, ಮಿಡ್ಲ್, ಟ್ರೆಬಲ್ ಗುಂಡಿಗಳು ಅದರ ಕೆಳಗಿನ, ನಡುವಿನ, ಮೇಲಿನ ಭಾಗಗಳ ಪ್ರಮಾಣವನ್ನು ಹೊಂದಿಸುತ್ತವೆ. ಆಮೇಲೆ ದೊಡ್ಡ ವಾಲ್ವುಗಳು ಬಲ ತುಂಬುತ್ತವೆ. ಆ ಬಲವನ್ನು ಟ್ರಾನ್ಸ್‌ಫಾರ್ಮರ್ ಸ್ಪೀಕರಿಗೆ ಒಪ್ಪಿಸುತ್ತದೆ. ಹಳೆಯ ವಾಲ್ವು ರೇಡಿಯೊ ಕಂಡವರಿಗೆ ಇದು ಹೊಸದೇನಲ್ಲ. ಸ್ವಿಚ್ಚು ಹಾಕಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕಾಗಿತ್ತು. ಗಾಜಿನ ಬುರುಡೆಗಳು ಕಾದು ಕೆಂಪಗಾದ ಮೇಲೆಯೇ ದನಿ ಏಳುತ್ತಿತ್ತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ನಾನೀಗ ಹೇಳಹೊರಟಿರುವ ಆಂಪ್ಲಿಫೈಯರುಗಳು ಮನೆಯ ರೇಡಿಯೊದ ಒಕ್ಕಲಿನವೇ. ಅವುಗಳಲ್ಲಿ ಒಂದರ ಶಕ್ತಿಗೆ ಆಧಾರವಾದ ಇಎಲ್ 84 ಎಂಬ ವಾಲ್ವು ಆ ಕಾಲದ ರೇಡಿಯೊಗಳಲ್ಲಿಯೂ ಧಾರಾಳವಾಗಿ ಬಳಕೆಯಲ್ಲಿತ್ತು.

ಇನ್ನು ಕಾಲ ಮತ್ತು ದೇಶ. ಎರಡನೆಯ ಮಹಾಯುದ್ಧ ಬ್ರಿಟನ್ನಿನ ಬೊಕ್ಕಸವನ್ನು ಬರಿದು ಮಾಡಿತ್ತು. ಡಾಲರುಗಳನ್ನು ಉಳಿಸುವ ಸಲುವಾಗಿ ಅಲ್ಲಿನ ಸರಕಾರ ಅಮೆರಿಕದ ಅನೇಕ ಸರಕುಗಳ ಆಮದಿಗೆ ತಡೆಯೊಡ್ಡಿತು. ವಾದ್ಯಗಳೂ ಅವುಗಳಲ್ಲಿ ಸೇರಿದ್ದವು. ಹೀಗಾಗಿ 1950ರ ದಶಕದಲ್ಲಿ ಅಮೆರಿಕದ ಧ್ವನಿಮುದ್ರಿಕೆಗಳನ್ನು ಕೇಳಿ ಮರುಳಾದ ಇಂಗ್ಲೆಂಡಿನ ಹುಡುಗರಿಗೆ ಆ ವಾದ್ಯಗಳು ಚಿತ್ರದಲ್ಲಿ ಕಾಣುತ್ತಿದ್ದವೇ ಹೊರತು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 1959ರಲ್ಲಿ ನಿರ್ಬಂಧ ಸಡಿಲವಾಯಿತು. ಆ ವರ್ಷವೇ ಗಾಯಕ ಕ್ಲಿಫ್ ರಿಚರ್ಡ್ ತನ್ನ ತಂಡದ ಹ್ಯಾಂಕ್ ಮಾರ್ವಿನ್‌ಗಾಗಿ ಅಮೆರಿಕದಿಂದ ಫೆಂಡರ್ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರನ್ನು ತರಿಸಿಕೊಟ್ಟ. ಆದರೆ ಬಾಗಿಲು ತೆರೆದರೂ ಬೆಲೆ ಇಳಿಯಲಿಲ್ಲ. ಸಾಗಣೆ, ಸುಂಕ ಸೇರಿ ಅಮೆರಿಕದ ಸಾಮಾನು ದುಡಿಯುವ ವರ್ಗದ ಹುಡುಗರ ಕೈಗೆ ಎಟುಕದಾಗಿತ್ತು. ಬೇಕು, ಆದರೆ ಕೊಳ್ಳಲಾಗದು ಎಂಬ ಈ ಇಕ್ಕಟ್ಟಿನಿಂದಲೇ ನಮ್ಮ ಕಥೆ ಮೊದಲಾಗುತ್ತದೆ.

ಈ ಕೊರತೆಯನ್ನು ಮೊದಲು ತುಂಬಿದವರಲ್ಲಿ ಪ್ರಮುಖನಾದವನು ಕೆಂಟ್ ಪ್ರಾಂತದ ಡಾರ್ಟ್‌ಫರ್ಡಿನ ಟಾಮ್ ಜೆನ್ನಿಂಗ್ಸ್. ಅವನ ಸಂಸ್ಥೆಗಾಗಿ ಡಿಕ್ ಡೆನ್ನಿ ಎಂಬಾತ ವಾಕ್ಸ್ ಎಸಿ 15 ಎಂಬ, ಹದಿನೈದು ವ್ಯಾಟ್ ಶಕ್ತಿಯ ಆಂಪ್ಲಿಫೈಯರನ್ನು ರೂಪಿಸಿದ. ಮಾರ್ವಿನ್ ಇದ್ದ ಷ್ಯಾಡೋಸ್ ತಂಡದ ಕಚೇರಿಗಳಲ್ಲಿ ಅಭಿಮಾನಿಗಳ ಕಿರುಚಾಟದ ನಡುವೆ ಈ ಶಕ್ತಿ ಸಾಲದಾಯಿತು. ಆಗ ಅದನ್ನು ಇಮ್ಮಡಿಗೊಳಿಸಿ, ನಾಲ್ಕು ಇಎಲ್ 84 ವಾಲ್ವುಗಳನ್ನು ಕೂಡಿಸಿ ಎಸಿ 30 ಎಂಬುದನ್ನು ಸಿದ್ಧಪಡಿಸಿದರು. ಮುಂದೆ ಬೀಟಲ್ಸ್ ತಂಡವೂ ಇದನ್ನೇ ಬಳಸಿತು. ಗಂಟೆಯ ದನಿಯಂತೆ ತಿಳಿಯಾದ, ಹೊಳಪುಳ್ಳ ಅದರ ನಾದ 1960ರ ದಶಕದ ಮೊದಲ ಭಾಗದ ಇಂಗ್ಲಿಷ್ ಧ್ವನಿಮುದ್ರಿಕೆಗಳ ಮುದ್ರೆಯಾಯಿತು.

ಎರಡನೆಯವನು ಜಿಮ್ ಮಾರ್ಷಲ್. 1923ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವನು ಮೂಳೆಯ ಕ್ಷಯರೋಗದಿಂದಾಗಿ ಬಾಲ್ಯದ ಅನೇಕ ವರ್ಷಗಳನ್ನು ಪ್ಲಾಸ್ಟರಿನ ಕಟ್ಟಿನಲ್ಲಿ ಕಳೆದವನು. ಬೆಳೆದ ಮೇಲೆ ಡ್ರಮ್ ವಾದಕನಾದ, ಅದರ ಪಾಠ ಹೇಳಿದ, ಕೂಡಿಟ್ಟ ಹಣದಿಂದ 1960ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್ ಎಂಬಲ್ಲಿ ವಾದ್ಯಗಳ ಅಂಗಡಿ ಇಟ್ಟ. ಅಂಗಡಿಗೆ ಬರುತ್ತಿದ್ದ ಗಿಟಾರ್ ಹುಡುಗರು, ಅವರಲ್ಲಿ ಪೀಟ್ ಟೌನ್‌ಷೆಂಡ್, ರಿಚಿ ಬ್ಲ್ಯಾಕ್‌ಮೋರ್ ಮುಂತಾದವರೂ ಇದ್ದರು, ತಮಗೆ ಬೇಕಾದ ದನಿ ಇಂಗ್ಲೆಂಡಿನ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲವೆಂದು ದೂರುತ್ತಿದ್ದರು. ಮಾರ್ಷಲ್ ತನ್ನ ಅಂಗಡಿಯ ರಿಪೇರಿಗಾರ ಕೆನ್ ಬ್ರ್ಯಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಹದಿಹರೆಯದ ತರುಣನನ್ನು ಕೂಡಿಸಿಕೊಂಡು ಪ್ರಯೋಗಕ್ಕೆ ಇಳಿದ. 1962ರಲ್ಲಿ ಸಿದ್ಧವಾದ ಆ ಆಂಪ್ಲಿಫೈಯರಿಗೆ ತನ್ನ ಮತ್ತು ಮಗ ಟೆರಿಯ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಜೆಟಿಎಂ 45 ಎಂದು ಹೆಸರಿಟ್ಟ.

ಇಲ್ಲಿ ಒಂದು ಮಾತನ್ನು ಮರೆಯದೆ ಹೇಳಬೇಕು. ಜೆಟಿಎಂ 45 ಸ್ವತಂತ್ರ ಸೃಷ್ಟಿಯಲ್ಲ, ಪ್ರತಿ. ಅಮೆರಿಕದ ಫೆಂಡರ್ ಸಂಸ್ಥೆಯ ಬಾಸ್‌ಮನ್ ಎಂಬ ಆಂಪ್ಲಿಫೈಯರಿನ ಒಳಕಟ್ಟನ್ನು ಅದು ಬಹುಪಾಲು ಯಥಾವತ್ತಾಗಿ ಅನುಸರಿಸಿತು. ಆ ಬಾಸ್‌ಮನ್ ಕೂಡ ಗಿಟಾರಿಗೆಂದು ಮಾಡಿದ್ದಲ್ಲ. ಹೆಸರೇ ಹೇಳುವಂತೆ ಬಾಸ್ ಗಿಟಾರಿಗೆ ಮಾಡಿದ್ದನ್ನು ಗಿಟಾರ್ ವಾದಕರು ತಮ್ಮದಾಗಿಸಿಕೊಂಡಿದ್ದರು. ಆದರೆ ಪ್ರತಿ ಮಾಡಿದವರ ಕೈಗೆ ಮೂಲದ ಸಾಮಗ್ರಿ ಸಿಗಲಿಲ್ಲ. ಬಾಸ್‌ಮನ್‌ನ ಮೊದಲ ವಾಲ್ವಿನ ವರ್ಧನಾಂಕ 40ರ ಆಸುಪಾಸಿನದು. ಹ್ಯಾನ್‌ವೆಲ್‌ನಲ್ಲಿ ಹಾಕಿದ ಇಸಿಸಿ 83ರದು 100. ಶಕ್ತಿಗಾಗಿ ಇಂಗ್ಲೆಂಡಿನ ಕೆಟಿ 66 ವಾಲ್ವುಗಳು ಬಂದವು; ಮುಂದೆ ಅವು ತುಟ್ಟಿಯಾದಾಗ ಇಎಲ್ 34 ಎಂಬುವು ಬಂದವು. ಟ್ರಾನ್ಸ್‌ಫಾರ್ಮರು ಸ್ಥಳೀಯವಾಗಿ ಸಿಕ್ಕಿದ್ದು. ಬಾಸ್‌ಮನ್‌ನಲ್ಲಿ ಬೆನ್ನು ತೆರೆದ ಪೆಟ್ಟಿಗೆ, ಹತ್ತಿಂಚಿನ ನಾಲ್ಕು ಸ್ಪೀಕರು. ಮಾರ್ಷಲ್‌ನದರಲ್ಲಿ ಬೆನ್ನು ಮುಚ್ಚಿದ ಪೆಟ್ಟಿಗೆ, ಹನ್ನೆರಡಿಂಚಿನ ನಾಲ್ಕು ಸೆಲೆಸ್ಟಿಯನ್ ಸ್ಪೀಕರು. ಪಾಠವೊಂದೇ, ಆದರೆ ಲಿಪಿಕಾರನ ನಾಡು ಬೇರೆ, ಮಸಿ ಬೇರೆ, ಓಲೆ ಬೇರೆ. ಪರಿಣಾಮವಾಗಿ ಹೊಸ ಪೆಟ್ಟಿಗೆ ಮೂಲಕ್ಕಿಂತ ಬೇಗ ಒಡೆದ ದನಿ ಕೊಡತೊಡಗಿತು. ನಡುಭಾಗ ತುಂಬಿ, ಎದೆಗೆ ಗುದ್ದುವಂಥ ನಾದ ಬಂತು.

ಒಡೆದ ದನಿ ಎಂದೆ. ವಾಲ್ವಿಗೆ ತಾಳಿಕೆಯ ಒಂದು ಮೇರೆ ಇದೆ. ಆ ಮೇರೆಯೊಳಗೆ ಬಂದ ಅಲೆಯನ್ನು ಅದು ಇದ್ದಂತೆಯೇ ಹಿಗ್ಗಿಸುತ್ತದೆ. ಮೇರೆ ಮೀರಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ; ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ; ಜೋರಿನ ಮೀಟಿಗೂ ಮೆಲ್ಲನೆಯ ಮೀಟಿಗೂ ಇರುವ ಅಂತರ ಕುಗ್ಗಿ, ಅಳಿಯಬೇಕಾದ ಸ್ವರ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಎಂಜಿನಿಯರುಗಳು ಇದನ್ನು ದೋಷವೆಂದರು. ಅವರ ಶಾಸ್ತ್ರದ ಪ್ರಕಾರ ಇದು ವಿಕೃತಿ. ಆದರೆ ನಮ್ಮ ಸಂಗೀತಶಾಸ್ತ್ರದಲ್ಲಿ ವಿಕೃತಿ ಎಂಬುದು ನಿಂದೆಯ ಮಾತಲ್ಲ. ಷಡ್ಜ, ಪಂಚಮಗಳು ಪ್ರಕೃತಿಸ್ವರಗಳು, ಉಳಿದವು ವಿಕೃತಿಸ್ವರಗಳು. ರಾಗದ ಬಣ್ಣ ಬರುವುದೇ ಅವುಗಳಿಂದ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆಯನ್ನು ಸೇರಿಸಿ ಝೇಂಕಾರ ಬರಿಸುವುದನ್ನು ಕೇಳುಗರು ಬಲ್ಲರು. ತಂತಿಯ ಶುದ್ಧ ಕಂಪನಕ್ಕೆ ಅದು ಅಡ್ಡಿಯೇ ಸರಿ, ಆದರೂ ಆ ಎಳೆಗೆ ಜೀವ ಎಂದೇ ಹೆಸರು. ಇಂಗ್ಲೆಂಡಿನ ಹುಡುಗರು ವಾಲ್ವಿನ ದೋಷದಲ್ಲಿ ಕಂಡುಕೊಂಡದ್ದು ಇಂಥದೇ ಒಂದು ಜೀವವನ್ನು.

ಇದಕ್ಕೆ ಪ್ರಸಿದ್ಧವಾದ ನಿದರ್ಶನ 1966ರದು. ಜಾನ್ ಮೇಯಲ್‌ನ ಬ್ಲೂಸ್‌ಬ್ರೇಕರ್ಸ್ ತಂಡದ ಧ್ವನಿಮುದ್ರಣ ಆ ವರ್ಷ ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಡೆಕ್ಕಾ ಸ್ಟುಡಿಯೋದಲ್ಲಿ ನಡೆಯಿತು. ಇಪ್ಪತ್ತೊಂದು ವರ್ಷದ ಎರಿಕ್ ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಸೇರಿಸಿ, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆಂದು ಪಟ್ಟು ಹಿಡಿದ. ಸ್ಟುಡಿಯೋದ ವಾಡಿಕೆಗೆ ಇದು ತೀರ ವಿರುದ್ಧವಾಗಿತ್ತು. ಧ್ವನಿಮುದ್ರಕ ಗಸ್ ಡಜನ್ ಆ ಅಬ್ಬರಕ್ಕೆ ಹೊಂದಿಕೊಳ್ಳಬೇಕಾಯಿತು; ಮೈಕನ್ನು ಸ್ಪೀಕರಿಗೆ ಒತ್ತಿ ಇಡದೆ ದೂರ ಸರಿಸಿ, ಕೋಣೆಯ ಮಾರ್ದನಿಯನ್ನೂ ಸೇರಿಸಿಕೊಂಡರು. ಆ ತಟ್ಟೆ ಹೊರಬಂದ ಮೇಲೆ ಗಿಟಾರ್ ಹೇಗೆ ಕೇಳಿಸಬೇಕೆಂಬ ಕಲ್ಪನೆಯೇ ಬದಲಾಯಿತು.

ಕ್ಲಾಪ್ಟನ್ ಬಯಸಿದ್ದಾದರೂ ಏನನ್ನು? ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ನಾದವನ್ನು. ಅವನು ಲೆಸ್ ಪಾಲ್ ಗಿಟಾರನ್ನು ಆರಿಸಿಕೊಂಡದ್ದು ಫ್ರೆಡ್ಡಿ ಕಿಂಗ್‌ನ ತಟ್ಟೆಯ ಮೇಲಿನ ಚಿತ್ರವನ್ನು ನೋಡಿ. ಅದೇ ಕಿಂಗ್‌ನ 'ಹೈಡ್‌ಅವೇ' ಎಂಬ ಕೃತಿಯನ್ನು ಈ ಧ್ವನಿಮುದ್ರಣದಲ್ಲಿಯೂ ನುಡಿಸಿದ. ಎರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಕೇಳಿದರೆ ಶಿಷ್ಯ ಗುರುವಿನ ಹಿಂದೆ ನಡೆದೂ ಬೇರೆಲ್ಲಿಗೋ ತಲುಪಿದ್ದು ಸ್ಪಷ್ಟವಾಗುತ್ತದೆ. ಮಾರ್ಷಲ್ ಫೆಂಡರನ್ನು ಅನುಕರಿಸಿದ, ಕ್ಲಾಪ್ಟನ್ ಕಿಂಗ್‌ನನ್ನು ಅನುಕರಿಸಿದ. ಇಬ್ಬರೂ ಗುರಿ ತಪ್ಪಿದರು. ಜಗತ್ತು ಇಂದು ಅನುಕರಿಸುತ್ತಿರುವುದು ಆ ತಪ್ಪಿದ ಗುರಿಯನ್ನು.

ಈಗ ಗುಂಡಿಯ ಅಂಕಿಗಳಿಗೆ ಬರೋಣ. ಅಂಕಿಗಳು ಸುಳ್ಳಲ್ಲ, ಆದರೆ ಒಂದು ಸಂದರ್ಭಕ್ಕೆ ಬದ್ಧವಾದವು. ಬಾಸ್ 3ಕ್ಕೆ ಎಂಬುದನ್ನೇ ನೋಡಿ. ಆಂಪ್ಲಿಫೈಯರಿನ ದನಿಯನ್ನು ಪೂರ್ತಿ ಏರಿಸಿದಾಗ ಕೆಳಗಿನ ಸ್ವರಗಳು ಹೆಚ್ಚು ಶಕ್ತಿಯನ್ನು ಬೇಡುತ್ತವೆ. ಅವನ್ನು ತಗ್ಗಿಸದಿದ್ದರೆ ವಾಲ್ವುಗಳು ಅವುಗಳಿಂದಲೇ ಮುಗ್ಗರಿಸಿ ನಾದ ಕೆಸರಾಗುತ್ತದೆ. ಹೀಗೆ ಜೋರು ದನಿಗೆ ಮದ್ದಾಗಿ ತಗ್ಗಿಸಿದ ಗುಂಡಿಯನ್ನು ಮನೆಯ ಕೋಣೆಯಲ್ಲಿ ಮೆಲ್ಲನೆ ನುಡಿಸುವವನೂ ತಗ್ಗಿಸಿದರೆ ನಾದ ಬಡಕಲಾಗುತ್ತದೆ. ಮನುಷ್ಯನ ಕಿವಿಯ ಗುಣವೂ ಇದಕ್ಕೆ ಸೇರುತ್ತದೆ. ದನಿ ಮೆಲ್ಲಗಿದ್ದಾಗ ಕಿವಿ ಕೆಳಗಿನ ಸ್ವರಗಳನ್ನು ಕಡಮೆಯಾಗಿಯೂ, ಜೋರಾದಾಗ ಹೆಚ್ಚಾಗಿಯೂ ಗ್ರಹಿಸುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದರು. ಅಂಕಿ ಒಂದೇ ಆದರೂ ಸಭಾಂಗಣದ ಕಿವಿ ಬೇರೆ, ಮಲಗುವ ಕೋಣೆಯ ಕಿವಿ ಬೇರೆ.

ಟ್ರೆಬಲ್ ಗುಂಡಿಯ ಕಥೆಯೂ ಹೀಗೆಯೇ. ಮಾರ್ಷಲ್‌ನ ತಾರದನಿಯ ವಾಹಿನಿಯಲ್ಲಿ ವಾಲ್ಯೂಮ್ ಗುಂಡಿಗೆ ಅಡ್ಡಲಾಗಿ ಒಂದು ಸಣ್ಣ ಕೆಪಾಸಿಟರ್ ಇದೆ. ಗುಂಡಿ ಕೆಳಗಿದ್ದಾಗ ಮೇಲಿನ ಸ್ವರಗಳು ಅದರ ಮೂಲಕ ನುಸುಳಿಬಂದು ದನಿಯನ್ನು ಚೂಪಾಗಿಸುತ್ತವೆ. ಗುಂಡಿ ಪೂರ್ತಿ ಮೇಲೇರಿದಾಗ ಆ ಒಳದಾರಿಗೆ ಕೆಲಸವೇ ಇರುವುದಿಲ್ಲ. ಆದುದರಿಂದ ವಾಲ್ಯೂಮ್ 9ರಲ್ಲಿದ್ದಾಗ ಹಿತವಾಗಿದ್ದ ಟ್ರೆಬಲ್ 6, ವಾಲ್ಯೂಮ್ 2ರಲ್ಲಿದ್ದಾಗ ಕಿವಿಗೆ ಚುಚ್ಚುತ್ತದೆ. ಮೇಲಾಗಿ ಈ ಮೂರು ಗುಂಡಿಗಳು ಒಂದೇ ಜಾಲದಲ್ಲಿ ಹೆಣೆದುಕೊಂಡಿವೆ. ಒಂದನ್ನು ತಿರುಗಿಸಿದರೆ ಉಳಿದೆರಡರ ಅರ್ಥವೂ ಬದಲಾಗುತ್ತದೆ. ಶಬ್ದದ ಅರ್ಥವನ್ನು ವಾಕ್ಯದಿಂದ ಬಿಡಿಸಿ ಹೇಳಲಾಗದು ಎಂಬಂತೆಯೇ ಇದು. ಗಿಟಾರಿನ ಮೈಮೇಲೂ ಗುಂಡಿಗಳಿವೆ. ಕ್ಲಾಪ್ಟನ್ ಮುಂದೆ ಕ್ರೀಮ್ ತಂಡದಲ್ಲಿದ್ದಾಗ ಆಂಪ್ಲಿಫೈಯರನ್ನು ಪೂರ್ತಿ ಏರಿಸಿ, ಗಿಟಾರಿನ ಟೋನ್ ಗುಂಡಿಯನ್ನು ಸೊನ್ನೆಗೆ ಇಳಿಸಿ, ದುಂಡಗಿನ, ಮಾನವಕಂಠದಂತಹ ನಾದವೊಂದನ್ನು ತೆಗೆದ. ಆಂಪ್ಲಿಫೈಯರಿನ ಅಂಕಿಯನ್ನಷ್ಟೇ ನೋಡುವವನಿಗೆ ಈ ಗುಟ್ಟು ಕಾಣದು.

ಅಂಕಿಯನ್ನು ನಂಬುವುದಕ್ಕೆ ಮುಂಚೆ ಕೃತಿ ಯಾರದೆಂಬುದನ್ನೂ ಶೋಧಿಸಬೇಕು. ಲೆಡ್ ಜೆಪ್ಪೆಲಿನ್ ತಂಡದ ಹೆಸರು ಬಂದರೆ ಲೆಸ್ ಪಾಲ್ ಗಿಟಾರು, ಸಾಲಾಗಿ ನಿಂತ ಮಾರ್ಷಲ್ ಪೆಟ್ಟಿಗೆಗಳು ಕಣ್ಣಿಗೆ ಕಟ್ಟುತ್ತವೆ. ಆದರೆ 1968ರಲ್ಲಿ ಮುದ್ರಿತವಾಗಿ ಮರುವರ್ಷ ಹೊರಬಂದ ಅವರ ಮೊದಲ ತಟ್ಟೆಯಲ್ಲಿ ಜಿಮ್ಮಿ ಪೇಜ್ ಮುಖ್ಯವಾಗಿ ನುಡಿಸಿದ್ದು ಟೆಲಿಕಾಸ್ಟರ್ ಗಿಟಾರನ್ನು, ಸುಪ್ರೊ ಎಂಬ ಅಮೆರಿಕದ ಸಣ್ಣ ಆಂಪ್ಲಿಫೈಯರಿನ ಮೂಲಕ. ಮೈಕನ್ನು ಹತ್ತಿರ ಒಂದು, ದೂರ ಒಂದು ಇರಿಸಿ ಕೋಣೆಯ ಗಾಳಿಯನ್ನು ಹಿಡಿದದ್ದರಿಂದ ಸಣ್ಣ ಪೆಟ್ಟಿಗೆ ದೊಡ್ಡದಾಗಿ ಕೇಳಿಸಿತು. ಇದಕ್ಕೂ ಮೊದಲು, 1964ರಲ್ಲಿ, ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿನೇಳರ ಹುಡುಗ ಎಲ್‌ಪಿಕೊ ಎಂಬ ಅಗ್ಗದ ಆಂಪ್ಲಿಫೈಯರಿನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ, ಅದರ ಹರಿದ ದನಿಯನ್ನು ವಾಕ್ಸ್ ಎಸಿ 30ರ ಮೂಲಕ ಹೊರಡಿಸಿ 'ಯು ರಿಯಲಿ ಗಾಟ್ ಮಿ' ಹಾಡಿಗೆ ನುಡಿಸಿದ. ಆ ನಾದಕ್ಕೆ ಯಾವ ಗುಂಡಿಯ ಯಾವ ಅಂಕಿ ಹೇಳೋಣ?

ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಯ ವಿಷಯ ಇನ್ನೂ ಮನಮುಟ್ಟುವಂಥದು. ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅವನು, ಸಂಗೀತವನ್ನೇ ವೃತ್ತಿಯಾಗಿಸಿಕೊಳ್ಳಲು ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡ. ಎಡಚನಾದ ಅವನಿಗೆ ತಂತಿ ಒತ್ತುವ ಕೈ ಅದೇ. ಆಗ ಅವನಿಗೆ ಯಾರೋ ಜ್ಯಾಂಗೊ ರೈನ್‌ಹಾರ್ಟ್‌ನ ತಟ್ಟೆಯನ್ನು ಕೇಳಿಸಿದರು. ಬೆಂಕಿ ಅವಘಡದಲ್ಲಿ ಎರಡು ಬೆರಳು ಊನವಾದ ಮೇಲೂ ಗಿಟಾರ್ ನುಡಿಸಿ ಹೆಸರಾದವನು ಆತ. ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದಕ್ಕೆ ತೊಗಲು ಅಂಟಿಸಿದ, ದಪ್ಪ ತಂತಿ ಒತ್ತಲಾರದೆ ತೆಳುವಾದ ತಂತಿಗಳನ್ನು ಹಾಕಿದ; ಕೆಲವು ವರ್ಷಗಳ ಮೇಲೆ, 1971ರ ತಟ್ಟೆಯಲ್ಲಿ, ತಂತಿಗಳ ಬಿಗಿಯನ್ನೇ ಸಡಿಲಿಸಿ ಶ್ರುತಿಯನ್ನು ಇಳಿಸಿದ. ಬ್ಲ್ಯಾಕ್ ಸಬತ್ ತಂಡದ ಆ ಭಾರವಾದ, ಕತ್ತಲು ಕವಿದಂಥ ನಾದಕ್ಕೆ ಅದೇ ಊರಿನ ಲೇನಿ ಆಂಪ್ಲಿಫೈಯರು, ಅದರ ಮುಂದೆ ತಾರದನಿಯನ್ನು ಹೆಚ್ಚಿಸುವ ಒಂದೇ ಟ್ರಾನ್ಸಿಸ್ಟರಿನ ಪುಟ್ಟ ಸಾಧನ, ಇವೆಲ್ಲ ಕಾರಣವೇ. ಆದರೆ ಆ ನಾದದ ಬೇರು ಗಾಯಗೊಂಡ ಕೈಯಲ್ಲಿದೆ. ಹತ್ತೂ ಬೆರಳು ನೆಟ್ಟಗಿರುವ ಹುಡುಗ ಗುಂಡಿಗಳನ್ನು ಹಾಗೆಯೇ ಇರಿಸಿ, ತನ್ನದು ಏಕೆ ಹಾಗೆ ಕೇಳಿಸದೆಂದು ಕೊರಗಿದರೆ ಏನು ಹೇಳೋಣ?

ಕ್ವೀನ್ ತಂಡದ ಬ್ರಯನ್ ಮೇ 1963ರಲ್ಲಿ ತಂದೆಯೊಡನೆ ಸೇರಿ ತನ್ನ ಗಿಟಾರನ್ನು ಮನೆಯಲ್ಲಿಯೇ ಮಾಡಲು ತೊಡಗಿದ. ಅಂಗಡಿಯ ಗಿಟಾರ್ ಕೊಳ್ಳುವ ಚೈತನ್ಯ ಇರಲಿಲ್ಲ. ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರ ಅದರ ಕೊರಳಾಯಿತು. ವಾಕ್ಸ್ ಎಸಿ 30ರಲ್ಲಿ ಅವನು ಆರಿಸಿಕೊಂಡದ್ದು ವಾಲ್ಯೂಮ್ ಒಂದನ್ನೇ ಪೂರ್ತಿ ತಿರುಗಿಸಿ ಬಿಡುವ ಸಾದಾ ವಾಹಿನಿಯನ್ನು. ಏರಿಳಿತವೆಲ್ಲ ಗಿಟಾರಿನ ಗುಂಡಿಯಿಂದ, ಮೀಟುವುದಕ್ಕೆ ಆರು ಪೆನ್ನಿಯ ನಾಣ್ಯ. ಅದೇ ತಂಡದ ಜಾನ್ ಡೀಕನ್ ಕಸದ ತೊಟ್ಟಿಯಲ್ಲಿ ಬಿದ್ದಿದ್ದ ಒಂದು ಸರ್ಕ್ಯೂಟ್ ಹಲಗೆಯನ್ನು ಎತ್ತಿ ತಂದು, ಹಳೆಯ ಸ್ಪೀಕರ್ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಪುಟ್ಟ ಆಂಪ್ಲಿಫೈಯರ್ ಮಾಡಿದ. ಬ್ಯಾಟರಿಯಿಂದ ನಡೆಯುವ ಅದರ ಒಳಗೆ ವಾಲ್ವು ಇಲ್ಲ, ಟ್ರಾನ್ಸಿಸ್ಟರುಗಳು. ಹೊರಗೆ ಒಂದೇ ಒಂದು ಗುಂಡಿಯೂ ಇಲ್ಲ. ಆ ಹಲಗೆ ಮೂಲತಃ ಒಂದು ಸಂಚಾರಿ ರೇಡಿಯೊದ್ದೆಂದು ಅನಂತರ ಶೋಧಿಸಿದವರು ಪತ್ತೆಹಚ್ಚಿದರು. ಕ್ವೀನ್ ತಂಡದ ಧ್ವನಿಮುದ್ರಣಗಳಲ್ಲಿ ಗಿಟಾರುಗಳು ತುತ್ತೂರಿ, ಕ್ಲಾರಿನೆಟ್‌ಗಳಂತೆ ಕೇಳಿಸುವ ಕಡೆ ದುಡಿದದ್ದು ಈ ಅನಾಥ ಪೆಟ್ಟಿಗೆ.

ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಜೋರು ದನಿಯಿಂದ ಹುಟ್ಟಿದ ನಾದ ಜೋರು ದನಿಯನ್ನೇ ಬೇಡಿತು. 1965ರಲ್ಲಿ ದಿ ಹೂ ತಂಡದ ಟೌನ್‌ಷೆಂಡ್‌ನ ಬೇಡಿಕೆಯಂತೆ ಮಾರ್ಷಲ್ ನೂರು ವ್ಯಾಟಿನ ಆಂಪ್ಲಿಫೈಯರ್ ಮಾಡಿದ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಏರಿಸಿದ ಗೋಡೆಗಳು ವೇದಿಕೆಯ ಮೇಲೆ ಎದ್ದವು. ಅದೇ ಟೌನ್‌ಷೆಂಡ್ ಮುಂದೆ ತನ್ನ ಶ್ರವಣಶಕ್ತಿ ಕುಂದಿದ್ದನ್ನೂ, ಕಿವಿಯಲ್ಲಿ ಬಿಡದೆ ಮೊರೆಯುವ ಸದ್ದನ್ನೂ ಬಹಿರಂಗವಾಗಿ ಹೇಳಿಕೊಂಡ. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಳೆಯ ನಾದವನ್ನು ಹಳೆಯ ವಿಧಾನದಿಂದಲೇ ಪಡೆಯುತ್ತೇನೆಂದು ಹಟ ಹಿಡಿಯುವ ತರುಣರಿಗೆ ಈ ಮಾತನ್ನು ಮೊದಲು ಹೇಳಬೇಕು.

ದಾರಿಗಳು ಇಲ್ಲದಿಲ್ಲ. 1975ರಲ್ಲಿ ಮಾರ್ಷಲ್ ಸಂಸ್ಥೆಯೇ ಮಾಸ್ಟರ್ ವಾಲ್ಯೂಮ್ ಎಂಬ ಗುಂಡಿಯುಳ್ಳ ಮಾದರಿಯನ್ನು ಹೊರತಂದಿತು: ಮೊದಲ ವಾಲ್ವುಗಳನ್ನು ಮೇರೆ ಮೀರಿಸಿ, ಹೊರಬರುವ ದನಿಯನ್ನು ತಗ್ಗಿಸುವ ಉಪಾಯ ಅದು. ಆದರೆ ದೊಡ್ಡ ವಾಲ್ವು, ಟ್ರಾನ್ಸ್‌ಫಾರ್ಮರು, ಸ್ಪೀಕರು ಇವುಗಳ ಪಾಲು ಇಲ್ಲದ್ದರಿಂದ ಅದರ ನಾದವೂ ಬೇರೆಯಾಯಿತು. ಮುಂದಿನ ಪೀಳಿಗೆಯ ಕಟುವಾದ ಶೈಲಿಗೆ ಅದೇ ಮೂಲವಾಯಿತು. ಅಲ್ಪ ವ್ಯಾಟಿನ ಸಣ್ಣ ಆಂಪ್ಲಿಫೈಯರುಗಳು ಬೇಗನೆ ತಮ್ಮ ಮೇರೆ ಮುಟ್ಟುವುದರಿಂದ ಮನೆಗೆ ಅವೇ ಮೇಲು. 1990ರ ದಶಕದಿಂದೀಚೆಗೆ ಹಳೆಯ ಆಂಪ್ಲಿಫೈಯರುಗಳ ನಡವಳಿಕೆಯನ್ನು ಗಣಿತದಿಂದ ಅನುಕರಿಸುವ ಯಂತ್ರಗಳು ಬಂದಿವೆ. 2011ರ ಹೊತ್ತಿಗೆ ನಿರ್ದಿಷ್ಟವಾದ ಒಂದೇ ಆಂಪ್ಲಿಫೈಯರಿನ ಪಡಿಯಚ್ಚನ್ನು ತೆಗೆದಿಡುವ ಸಾಧನ ಜರ್ಮನಿಯಿಂದ ಬಂತು. ಇದು ನಿಜಕ್ಕೂ ಉಪಕಾರ. ಲ್ಯಾಂಕಾಷೈರಿನ ಬ್ಲ್ಯಾಕ್‌ಬರ್ನಿನಲ್ಲಿ ವಾಲ್ವುಗಳನ್ನು ಮಾಡುತ್ತಿದ್ದ ಮಲಾರ್ಡ್ ಕಾರ್ಖಾನೆಯಲ್ಲಿ ಆ ಕೆಲಸ 1980ರ ದಶಕದ ಮೊದಲಲ್ಲಿಯೇ ನಿಂತುಹೋಗಿದೆ. ಮಾರ್ಷಲ್ 2012ರಲ್ಲಿ ತೀರಿಕೊಂಡ. ಶಿಥಿಲವಾಗುತ್ತಿರುವ ಓಲೆಗರಿಗಳ ಛಾಯಾಚಿತ್ರ ತೆಗೆದಿಡುವುದು ಎಷ್ಟು ಅಗತ್ಯವೋ ಇದೂ ಅಷ್ಟೇ ಅಗತ್ಯ. ಆದರೆ ಛಾಯಾಚಿತ್ರ ಓಲೆಯನ್ನು ಉಳಿಸಿಕೊಡುತ್ತದೆ. ಓದುವ ಕೆಲಸವನ್ನು ನಮಗೇ ಬಿಡುತ್ತದೆ.

ಹಾಗಾದರೆ ಅನುಕರಣೆ ವ್ಯರ್ಥವೇ? ಹಾಗೆನ್ನಲು ನಾನು ಸಿದ್ಧನಿಲ್ಲ. ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಗಿ ಬಂದಾಗ ಅದು ಹೆಸರಿಗೆ ಅನುವಾದಗಳ ಸಂಕಲನವೇ ಆಗಿತ್ತು. ಇಂಗ್ಲಿಷ್ ಕವಿತೆಯ ನಡೆಯನ್ನು ಕನ್ನಡದ ಮಾತ್ರೆಗಳಲ್ಲಿ ಹಿಡಿಯಹೊರಟಾಗ ಹಿಡಿತಕ್ಕೆ ಸಿಕ್ಕಿದ್ದು ಇಂಗ್ಲಿಷಿನ ನಡೆಯಲ್ಲ, ಹೊಸಗನ್ನಡದ ನಡೆ. ಮನಸ್ಸಿಟ್ಟು ಮಾಡಿದ ಅನುಕರಣೆಗೆ ಇಂಥ ಫಲ ಉಂಟು. ಹ್ಯಾನ್‌ವೆಲ್‌ನ ಅಂಗಡಿಗೆ ಬಂದ ಹುಡುಗರ ಬಳಿ ಫೆಂಡರ್ ಕೊಳ್ಳುವಷ್ಟು ಹಣವಿದ್ದಿದ್ದರೆ ಅವರಿಗೆ ಫೆಂಡರಿನ ನಾದವೇ ದೊರೆಯುತ್ತಿತ್ತು, ಅವರು ಸಂತೋಷಪಡುತ್ತಿದ್ದರು, ಇಂದು ನಾವು ಈ ವಿಷಯ ಮಾತನಾಡುವ ಪ್ರಸಂಗ ಬರುತ್ತಿರಲಿಲ್ಲ.

ಆದುದರಿಂದ ಅಂಕಿಗಳ ಪಟ್ಟಿಯನ್ನು ಎಸೆಯಬೇಕಾಗಿಲ್ಲ. ಅದನ್ನು ಪಾಠವೆಂದು ಭಾವಿಸಿ, ವ್ಯಾಖ್ಯಾನದೊಡನೆ ಓದಬೇಕು. ಈ ಅಂಕಿ ಯಾವ ಪೆಟ್ಟಿಗೆಯದು, ಎಷ್ಟು ಜೋರಿನಲ್ಲಿದ್ದಾಗಿನದು, ಯಾವ ಕೋಣೆಯದು, ಯಾರ ಕೈಯದು ಎಂದು ಕೇಳಿಕೊಂಡು, ಅಲ್ಲಿಂದ ಮುಂದೆ ಕಣ್ಣನ್ನು ಗುಂಡಿಯಿಂದ ತೆಗೆದು ಕಿವಿಯನ್ನು ನಂಬಿ ಒಂದೊಂದನ್ನೇ ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ಬಂದ ನಾದ ಕ್ಲಾಪ್ಟನ್‌ನದಾಗದೆ ಇರಬಹುದು. ಆಗ ಬೇಸರಪಡದೆ, ಅದು ಯಾರದು ಎಂದು ಇನ್ನೊಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದು.